ಕಿರ್ದಿ ಹರಿದವಳು

ಜುಲೈ ತಿಂಗಳ ಒಂದು ರಾತ್ರಿ ಗಾಳಿ ಎದ್ದು, ನಮ್ಮೂರ ತಿರುವಿನಲ್ಲಿದ್ದ ಅಕೇಶಿಯಾ ಮರ ತಂತಿಯ ಮೇಲೆ ಒರಗಿತು. ಕರೆಂಟು ಹೋಯಿತು. ಸಾಗರದ ಸೀಮೆಯಲ್ಲಿ ಮಳೆಗಾಲಕ್ಕೆ ಇದು ಸುದ್ದಿಯೇ ಅಲ್ಲ. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ನೀರು ಹೋಗುವುದು ನಮ್ಮ ಲಿಂಗನಮಕ್ಕಿಯಿಂದಲೇ. ಆದರೂ ಸೀಮೆಎಣ್ಣೆ ಬುಡ್ಡಿಯನ್ನು ಅಮ್ಮ ಇನ್ನೂ ಎಸೆದಿಲ್ಲ.

ಇನ್ವರ್ಟರ್ ಇದ್ದುದರಿಂದ ನನ್ನ ಲ್ಯಾಪ್‌ಟಾಪ್ ತಣ್ಣಗೆ ಕುಳಿತಿತ್ತು. ಅಟ್ಟದ ಮೆಟ್ಟಿಲಿನ ಕೆಳಗೆ, ಅಡಿಕೆ ಚೀಲಗಳ ಪಕ್ಕದಲ್ಲಿ ನನ್ನ ಪ್ರೋಗ್ರಾಮ್ ಓಡಿಸುತ್ತಿದ್ದ ಹಳೆಯ ಕಂಪ್ಯೂಟರ್ ಮಾತ್ರ ಸತ್ತಿತು. ಪರೀಕ್ಷೆಗೆಂದೇ ಅದಕ್ಕೆ ಇನ್ವರ್ಟರ್ ಸಂಪರ್ಕ ಕೊಟ್ಟಿರಲಿಲ್ಲ ಎಂದರೆ ಸುಳ್ಳಾದೀತು. ಇಷ್ಟು ಭಾರ ಬ್ಯಾಟರಿ ತಡೆಯುವುದಿಲ್ಲವೆಂದು ಎಲೆಕ್ಟ್ರಿಷಿಯನ್ ಹೇಳಿದ್ದ, ಅಷ್ಟೆ.

ನಾನು ಮಾಡುವ ಕೆಲಸವನ್ನು ಮದುವೆಮನೆಗಳಲ್ಲಿ ವಿವರಿಸಲು ಹೋಗಿ ಸೋತಿದ್ದೇನೆ. "ಯಾವ ಆ್ಯಪ್ ಮಾಡಿದ್ದೀಯೆ?" ಎಂದು ಕೇಳುತ್ತಾರೆ. ಯಾವುದೂ ಇಲ್ಲ. ಆ್ಯಪ್‌ಗಳ ಕೆಳಗೆ ದಾಖಲೆಗಳನ್ನು ಇಟ್ಟುಕೊಳ್ಳುವ ಡೇಟಾಬೇಸ್ ಇರುತ್ತದೆ, ಅದರ ಕೆಳಗೆ ಬರೆದದ್ದನ್ನು ಡಿಸ್ಕಿಗೆ ಸೇರಿಸುವ ಒಂದು ಪದರ ಇರುತ್ತದೆ. ನನ್ನ ಬದುಕು ಆ ಪದರದಲ್ಲಿ. ಕೆಲಸ ಸರಿಯಾಗಿದ್ದರೆ ಅಂಥದ್ದೊಂದು ಇದೆಯೆಂದೇ ಯಾರಿಗೂ ತಿಳಿಯುವುದಿಲ್ಲ.

ಬೆಳಿಗ್ಗೆ ಕರೆಂಟು ಬಂದ ಮೇಲೆ ಯಂತ್ರವನ್ನು ಎಬ್ಬಿಸಿದೆ. ರಾತ್ರಿಯ ಕೊನೆಯ ಹತ್ತು ನಿಮಿಷಗಳ ದಾಖಲೆಗಳು ಇರಲಿಲ್ಲ. ಕೆಟ್ಟಿರಲಿಲ್ಲ, ಅರ್ಧಂಬರ್ಧವೂ ಆಗಿರಲಿಲ್ಲ. ಬರೆದೇ ಇಲ್ಲವೆಂಬಂತೆ ಚೊಕ್ಕವಾಗಿ ಮಾಯವಾಗಿದ್ದವು. ಕೆಟ್ಟ ದತ್ತಾಂಶ ಕೂಗಿಕೊಳ್ಳುತ್ತದೆ. ಇದು ಕೂಗುವುದಿಲ್ಲ, ಆದ್ದರಿಂದಲೇ ಹೊಟ್ಟೆ ತಣ್ಣಗಾಯಿತು.

ನಮ್ಮ ಪ್ರೋಗ್ರಾಮ್ ಬಂದ ಬದಲಾವಣೆಯನ್ನೆಲ್ಲ ಮೊದಲು ಲಾಗ್‌ನಲ್ಲಿ ಸಾಲಾಗಿ ಬರೆದುಕೊಳ್ಳುತ್ತದೆ. ಆಗಾಗ ಎಲ್ಲವನ್ನೂ ಕೂಡಿಸಿ ಒಂದು ಪೂರ್ಣ ಫೈಲ್ ಮಾಡಿ, ಹಳೆಯ ಲಾಗ್ ಅಳಿಸುತ್ತದೆ. ವೇಗಕ್ಕೆಂದು ಲಾಗ್ ಒಂದು ಡಿಸ್ಕಿನಲ್ಲಿ, ಪೂರ್ಣ ಫೈಲ್ ಇನ್ನೊಂದರಲ್ಲಿ. 'ಬರೆ' ಎಂದಾಗ ಕಂಪ್ಯೂಟರನ್ನು ನಡೆಸುವ ಲಿನಕ್ಸ್ 'ಆಯಿತು' ಎನ್ನುತ್ತದೆ ನಿಜ, ಆದರೆ ಸಾಮಾನ್ಯವಾಗಿ ಅದು ಬರೆದಿರುವುದು ಕರೆಂಟು ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿ. ಮೂವತ್ತು ಸೆಕೆಂಡಿನಷ್ಟು ಹಳತಾದ ಮೇಲೆ ತನ್ನ ಪಾಡಿಗೆ ಡಿಸ್ಕಿಗೆ ಇಳಿಸುತ್ತದೆ. ಈಗಲೇ ಇಳಿಸಬೇಕಾದರೆ ಎಫ್‌ಸಿಂಕ್ ಎಂಬ ಸಿಸ್ಟಮ್ ಕಾಲ್, ಎಂದರೆ ಲಿನಕ್ಸಿಗೆ ನೇರ ಕೋರಿಕೆ, ಕರೆಯಬೇಕು. ಕರೆದಿದ್ದೆ. ತಾತ್ಕಾಲಿಕ ಹೆಸರಿನಲ್ಲಿ ಫೈಲ್ ಬರೆದು, ಎಫ್‌ಸಿಂಕ್ ಮಾಡಿ, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತಂದಿದ್ದೆ. ಪುಸ್ತಕದಲ್ಲಿ ಹೇಳಿದಂತೆಯೇ.

ಆದರೆ ಹೆಸರು ಇರುವುದು ಫೈಲ್‌ನಲ್ಲಲ್ಲ, ಹೆಸರುಗಳ ಪಟ್ಟಿಯಾದ ಡೈರೆಕ್ಟರಿಯಲ್ಲಿ. ಡೈರೆಕ್ಟರಿಗೂ ಒಂದು ಎಫ್‌ಸಿಂಕ್ ಬೇಕು. ಅದನ್ನು ಮರೆತಿದ್ದೆ. ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಇಂಥ ಬದಲಾವಣೆಗಳನ್ನು ಸಾಮಾನ್ಯವಾಗಿ ಐದು ಸೆಕೆಂಡಿಗೊಮ್ಮೆ ತಾನೇ ಡಿಸ್ಕಿಗೆ ಸೇರಿಸುತ್ತದೆ. ಎರಡು ಡಿಸ್ಕುಗಳ ಐದು ಸೆಕೆಂಡು ಮಾತ್ರ ಒಂದೇ ಹೊತ್ತಿಗೆ ಬರಬೇಕೆಂದಿಲ್ಲ. ಲಾಗ್ ಅಳಿಸಿದ್ದು ಅಲ್ಲಿ ಖಾಯಂ ಆಯಿತು, ಹೆಸರು ಬದಲಾದದ್ದು ಇಲ್ಲಿ ಇನ್ನೂ ಮೆಮೊರಿಯಲ್ಲೇ ಇತ್ತು. ಅಷ್ಟರಲ್ಲಿ ಅಕೇಶಿಯಾ ಒರಗಿತು. ಎರಡೂ ಒಂದೇ ಡಿಸ್ಕಿನಲ್ಲಿ ಇದ್ದಿದ್ದರೆ ಕ್ರಮ ಉಳಿದು, ತಪ್ಪು ಇನ್ನೆಷ್ಟು ವರ್ಷ ಅಡಗಿರುತ್ತಿತ್ತೋ.

ಪರೀಕ್ಷೆ ಮಾಡಿರಲಿಲ್ಲವೇ ಎಂದು ಕೇಳಬಹುದು. ನಡುವೆ ಪ್ರೋಗ್ರಾಮನ್ನು ಕೊಂದು ಮತ್ತೆ ಎಬ್ಬಿಸುವ ಪರೀಕ್ಷೆ ಪ್ರತಿ ರಾತ್ರಿ ನಡೆಯುತ್ತಿತ್ತು, ಪ್ರತಿ ರಾತ್ರಿ ಪಾಸಾಗುತ್ತಿತ್ತು. ಪ್ರೋಗ್ರಾಮ್ ಸತ್ತರೂ ಲಿನಕ್ಸಿನ ತಿರುಳಾದ ಕರ್ನಲ್ ಬದುಕಿರುತ್ತದೆ, ಮೆಮೊರಿಯಲ್ಲಿದ್ದದ್ದನ್ನು ನಿಧಾನವಾಗಿ ಡಿಸ್ಕಿಗೆ ಸೇರಿಸುತ್ತದೆ. ಕರೆಂಟು ಹೋದರೆ ಕರ್ನಲ್ಲೂ ಹೋಗುತ್ತದೆ. ಈ ವ್ಯತ್ಯಾಸ ಕಾಲೇಜಿನಲ್ಲೇ ಓದಿದ್ದೆ. ಅರ್ಥವಾದದ್ದು ಅಂದು ಬೆಳಿಗ್ಗೆ.

ಇದರಲ್ಲಿ ನನಗಿಂತ ದೊಡ್ಡವರೂ ಎಡವಿದ್ದಾರೆ ಎಂಬುದೊಂದು ಸಮಾಧಾನ. ಎಫ್‌ಸಿಂಕ್ ಒಮ್ಮೆ ವಿಫಲವಾದರೆ, ಮತ್ತೆ ಕರೆದಾಗ ದತ್ತಾಂಶ ಡಿಸ್ಕ್ ಸೇರದೆಯೇ ಲಿನಕ್ಸ್ 'ಆಯಿತು' ಎನ್ನಬಹುದು ಎಂಬುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನವರಿಗೆ ತಲೆನೋವಾದದ್ದು 2018ರಲ್ಲಿ. ವಿಫಲವಾದ ಕೂಡಲೇ ತಾನೇ ಬಿದ್ದು, ಲಾಗ್ ನೋಡಿಕೊಂಡು ಮತ್ತೆ ಏಳುವಂತೆ ಅವರು ತಮ್ಮ ಡೇಟಾಬೇಸನ್ನು ತಿದ್ದಿದರು.

ಅಪ್ಪಯ್ಯ ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಚಾಲಿ, ಕೆಂಪುಗೋಟು, ಸಿಪ್ಪೆಗೋಟು, ಯಾರದು ಎಷ್ಟು ಚೀಲ ಬಂತು ಎಂಬುದೆಲ್ಲ ಬಂದ ಕ್ರಮದಲ್ಲೇ ಕಿರ್ದಿ ಎಂಬ ದಿನದ ಲೆಕ್ಕದ ಪುಸ್ತಕಕ್ಕೆ. ಸಂಜೆ ಅಲ್ಲಿಂದ ಒಬ್ಬೊಬ್ಬ ಬೆಳೆಗಾರನ ಖಾತೆಗೆ. ಖಾತೆಗೆ ಎತ್ತಿದ ಪ್ರತಿ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಗೀಟು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಲಾಗ್ ಎಂದರೆ ಕಿರ್ದಿ, ಪೂರ್ಣ ಫೈಲ್ ಎಂದರೆ ಖಾತೆ ಎಂದು ಹೇಳುತ್ತಾ ಹೋದೆ. ಕವಳ ಹಾಕಿದ ಬಾಯಲ್ಲಿ ಕೇಳಿಸಿಕೊಂಡು, ಅಂಗಳಕ್ಕೆ ಹೋಗಿ ಉಗುಳಿ ಬಂದು ಕೇಳಿದರು:

"ಖಾತೆ ಬರೆದ ಹಾಳೆ ಇನ್ನೂ ಮೇಜಿನ ಮೇಲೆ ಹಾರಾಡುತ್ತಿತ್ತು, ಪುಸ್ತಕಕ್ಕೆ ಹೊಲಿದಿರಲಿಲ್ಲ. ನೀನು ಆಗಲೇ ಕಿರ್ದಿ ಹರಿದುಹಾಕಿದೆ. ಹೌದೇನೆ ಕೂಸೇ?"

ಹೌದು.

"ನಮ್ಮ ಸಾಹುಕಾರರಾಗಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು" ಎಂದರು.

ನಾನು ಮನೆಯಲ್ಲೇ ಕೆಲಸ ಮಾಡುವವಳಾದ್ದರಿಂದ ಆ ಶಿಕ್ಷೆ ಸಾಧ್ಯವಿರಲಿಲ್ಲ. ಡೈರೆಕ್ಟರಿ ತೆರೆಯುವುದು, ಎಫ್‌ಸಿಂಕ್ ಮಾಡುವುದು, ಮುಚ್ಚುವುದು, ತಪ್ಪಾದರೆ ಲಾಗ್ ಮುಟ್ಟದೆ ನಿಲ್ಲುವುದು: ತಿದ್ದುಪಡಿ ಹತ್ತು ಸಾಲೂ ಆಗಲಿಲ್ಲ. ತಂಡಕ್ಕೆ ವಿವರಿಸಿ ಬರೆದ ಪತ್ರವೇ ಅದಕ್ಕಿಂತ ಉದ್ದವಿತ್ತು. ಮೆಟ್ಟಿಲ ಕೆಳಗಿನ ಯಂತ್ರಕ್ಕೆ ಯುಪಿಎಸ್ ಕೊಡಿಸುತ್ತೇವೆ ಎಂದು ಕಚೇರಿಯಿಂದ ಉತ್ತರ ಬಂತು. ದಯವಿಟ್ಟು ಬೇಡವೆಂದೆ.

ಈಗ ಮಳೆ ಬಿಟ್ಟಿದೆ, ಕರೆಂಟು ಅಷ್ಟಾಗಿ ಹೋಗುವುದಿಲ್ಲ. ಆ ಕೆಲಸವನ್ನು ಅಪ್ಪಯ್ಯ ವಹಿಸಿಕೊಂಡಿದ್ದಾರೆ. ದಿನಕ್ಕೆ ಎರಡೋ ಮೂರೋ ಬಾರಿ, ನನಗೆ ಹೇಳದೆ, ಗೋಡೆಯ ಸ್ವಿಚ್ ಆರಿಸುತ್ತಾರೆ. ಆರಿಸಿದ ಹೊತ್ತನ್ನು ಹಳೆಯ ಡೈರಿಯಲ್ಲಿ ಬರೆದಿಡುತ್ತಾರೆ. ಸಂಜೆ ನಾನು ಎಲ್ಲ ದಾಖಲೆಯೂ ಉಳಿದಿದೆ ಎಂದು ಹೇಳಿದ ಮೇಲೆಯೇ ಪಕ್ಕದಲ್ಲಿ ಕೆಂಪು ಗೀಟು ಬೀಳುವುದು.