ಗಮನಕ್ಕೆ ಬಂದಿದೆ: ಶಾಸಕರ ಪ್ರಶ್ನೆಗೆ ಉತ್ತರ ಬರೆದವನ ಅನುಭವ

ವಿಧಾನಸಭೆಯಲ್ಲಿ ಶಾಸಕರು ಪ್ರಶ್ನೆ ಕೇಳುವುದನ್ನೂ ಸಚಿವರು ಎದ್ದು ಉತ್ತರ ಓದುವುದನ್ನೂ ಟಿವಿಯಲ್ಲಿ ನೋಡದವರು ಕಡಿಮೆ. ಆ ಉತ್ತರದ ಮೊದಲ ಕರಡನ್ನು ಯಾರೋ ಒಬ್ಬ ಗುಮಾಸ್ತ ಯಾವುದೋ ಜಿಲ್ಲಾ ಕೇಂದ್ರದಲ್ಲಿ ಕುಳಿತು ಬರೆದಿರುತ್ತಾನೆ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ರಾಜ್ಯದ ಸಾರಿಗೆ ನಿಗಮವೊಂದರ ವಿಭಾಗೀಯ ಕಚೇರಿಯಲ್ಲಿ, ಸಂಚಾರ ಶಾಖೆಯಲ್ಲಿ, ಆ ಗುಮಾಸ್ತ ಬಹಳ ವರ್ಷ ನಾನೇ ಆಗಿದ್ದೆ.

ಸರ್ಕಾರಿ ಕಚೇರಿಗಳಲ್ಲಿ ಇಂಥ ಪ್ರಶ್ನೆಯನ್ನು ಎಲ್‌ಎಕ್ಯೂ (ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್) ಎನ್ನುತ್ತಾರೆ. ‘ಎಲ್‌ಎಕ್ಯೂ ಬಂದಿದೆ’ ಎಂದು ಯಾರಾದರೂ ಬಾಗಿಲಲ್ಲಿ ನಿಂತು ಹೇಳಿದರೆ ಮುಗಿಯಿತು, ರಜೆ ಅರ್ಜಿಯಿಂದ ಹಿಡಿದು ಬಡ್ತಿ ಕಡತದವರೆಗೆ ಎಲ್ಲವೂ ಪಕ್ಕಕ್ಕೆ ಸರಿಯುತ್ತವೆ. ಪ್ರಶ್ನೆಯು ವಿಧಾನಸಭೆಯ ಸಚಿವಾಲಯದಿಂದ ಇಲಾಖೆಗೆ, ಇಲಾಖೆಯಿಂದ ನಿಗಮದ ಕೇಂದ್ರ ಕಚೇರಿಗೆ, ಅಲ್ಲಿಂದ ವಿಭಾಗಕ್ಕೆ, ವಿಭಾಗದಿಂದ ಘಟಕಕ್ಕೆ, ಅಂದರೆ ಡಿಪೋಗೆ, ಇಳಿಯಬೇಕು. ಉತ್ತರ ಅದೇ ಮೆಟ್ಟಿಲುಗಳನ್ನು ಹತ್ತಬೇಕು. ಶಾಸಕರು ಸಾಕಷ್ಟು ಮುಂಚೆಯೇ ಸೂಚನೆ ಕೊಟ್ಟಿರುತ್ತಾರೆ. ಆದರೆ ನಮ್ಮ ಮೇಜಿಗೆ ಬರುವ ಹೊತ್ತಿಗೆ ಅದರ ತಲೆಯ ಮೇಲೆ ‘ಇಂದು ಸಂಜೆಯೊಳಗೆ’ ಎಂದು ಕೆಂಪು ಶಾಯಿಯಲ್ಲಿ ಬರೆದಿರುತ್ತದೆ. ಪ್ರಶ್ನೆಯಲ್ಲಿ ‘ರಾಜ್ಯದಲ್ಲಿ’ ಎಂಬ ಪದವಿದ್ದರೆ ಇನ್ನೂ ಕಷ್ಟ. 1948ರಲ್ಲಿ ಮೈಸೂರು ಸರ್ಕಾರದ ಒಂದು ಇಲಾಖೆಯಾಗಿ ಶುರುವಾದ ಬಸ್ ಸೇವೆ 1961ರಲ್ಲಿ ನಿಗಮವಾಯಿತು, ಬಳಿಕ ಒಡೆದು ಈಗ ನಾಲ್ಕಾಗಿದೆ. ನಾಲ್ಕು ನಿಗಮಗಳು ನಾಲ್ಕು ನಮೂನೆಯ ಕೋಷ್ಟಕ ಕಳುಹಿಸುತ್ತವೆ. ಅವನ್ನು ಒಂದಾಗಿಸುವವರ ಪಾಡು ಬೆಂಗಳೂರಿನವರಿಗೇ ಗೊತ್ತು.

ಹೆಚ್ಚಿನ ಪ್ರಶ್ನೆಗಳಿಗೆ ಒಂದೇ ಎರಕ. (ಅ) ಇಂಥ ತಾಲ್ಲೂಕಿನ ಗ್ರಾಮೀಣ ಪ್ರದೇಶಗಳಲ್ಲಿ ಬಸ್ಸುಗಳ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು. (ಇ) ಹೊಸ ಬಸ್ಸುಗಳನ್ನು ಯಾವಾಗ ಒದಗಿಸಲಾಗುವುದು? ಇದಕ್ಕೆ ಉತ್ತರವೂ ಎರಕದ್ದೇ. (ಅ)ಗೆ ‘ಬಂದಿದೆ’. (ಆ)ಗೆ ಆ ತಾಲ್ಲೂಕಿನಲ್ಲಿ ಇಷ್ಟು ಅನುಸೂಚಿಗಳನ್ನು (ಬಸ್ಸಿನ ಷೆಡ್ಯೂಲ್‌ಗಳನ್ನು) ಕಾರ್ಯಾಚರಿಸಲಾಗುತ್ತಿದೆ ಎಂಬ ಒಂದು ಸಂಖ್ಯೆ. (ಇ)ಗೆ ‘ವಾಹನ ಹಾಗೂ ಸಿಬ್ಬಂದಿ ಲಭ್ಯತೆ ಮತ್ತು ಸಂಚಾರ ದಟ್ಟಣೆಯನ್ನು ಆಧರಿಸಿ ಕ್ರಮ ಕೈಗೊಳ್ಳಲಾಗುವುದು’. ಕೊರತೆಯೇ ಇಲ್ಲ ಎಂದು ಮೇಲಿನವರು ತೀರ್ಮಾನಿಸಿದ್ದರೆ (ಅ)ಗೆ ‘ಇಲ್ಲ’, ಉಳಿದೆರಡಕ್ಕೆ ‘ಉದ್ಭವಿಸುವುದಿಲ್ಲ’. ಇಂಥದ್ದನ್ನು ಬರೆಯಲು ನಾನು ಕುರ್ಚಿಯಿಂದ ಏಳಬೇಕಾಗಿಯೂ ಇರಲಿಲ್ಲ. ಉತ್ತರದಲ್ಲಿ ಸುಳ್ಳು ಇರುವುದಿಲ್ಲ, ಆದರೆ ಅದನ್ನು ಓದಿದ ಶಾಸಕರಿಗೆ ಮೊದಲೇ ಗೊತ್ತಿದ್ದುದಕ್ಕಿಂತ ಒಂದಕ್ಷರವೂ ಹೆಚ್ಚಿಗೆ ತಿಳಿಯುವುದಿಲ್ಲ.

ಒಂದು ಅಧಿವೇಶನದಲ್ಲಿ ಬಂದ ಪ್ರಶ್ನೆ ಹಾಗಿರಲಿಲ್ಲ. ಕೇಳಿದವರು ದೊಡ್ಡ ಭಾಷಣಕಾರರೇನಲ್ಲ, ಪತ್ರಿಕೆಗಳಲ್ಲಿ ಹೆಸರು ಬರುವವರೂ ಅಲ್ಲ. ಅವರು ಕೊರತೆಯ ಮಾತೇ ಎತ್ತಿರಲಿಲ್ಲ. ತಮ್ಮ ಕ್ಷೇತ್ರಕ್ಕೆ ಬಸ್ ಬಿಡುವ ಪ್ರತಿ ಘಟಕದಲ್ಲಿ ಮಂಜೂರಾದ ಅನುಸೂಚಿಗಳೆಷ್ಟು, ನಿಜವಾಗಿ ಓಡಿದವೆಷ್ಟು. ಕಳೆದ ವರ್ಷ ತಿಂಗಳವಾರು ರದ್ದಾದ ಸುತ್ತುವಳಿಗಳೆಷ್ಟು, ಕಾರಣವೇನು. ಅವುಗಳಲ್ಲಿ ಶಾಲಾ ಕಾಲೇಜು ಆರಂಭವಾಗುವ ಮತ್ತು ಬಿಡುವ ಹೊತ್ತಿನವು ಎಷ್ಟು. ಅಷ್ಟೇ ಕೇಳಿದ್ದರು.

ಹೊರಗಿನವರಿಗೆ ಇದರ ತೂಕ ತಿಳಿಯಬೇಕಾದರೆ ನಮ್ಮ ಲೆಕ್ಕದ ಕ್ರಮ ಸ್ವಲ್ಪ ಗೊತ್ತಿರಬೇಕು. ಒಂದು ಬಸ್ಸು, ಅದರ ಚಾಲಕ ನಿರ್ವಾಹಕರು ಸೇರಿ ನಡೆಸುವ ಕೆಲಸದ ಪಟ್ಟಿಗೆ ಅನುಸೂಚಿ ಎಂದು ಹೆಸರು. ಅದರೊಳಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಿ ಬರುವ ಹಲವು ಸುತ್ತುವಳಿಗಳಿರುತ್ತವೆ. ಬೆಳಿಗ್ಗೆ ಡಿಪೋ ಬಿಟ್ಟ ಬಸ್ಸು ಮಧ್ಯಾಹ್ನ ಕೆಟ್ಟು ನಿಂತರೂ ಅನುಸೂಚಿ ‘ಕಾರ್ಯಾಚರಣೆಯಲ್ಲಿದೆ’ ಎಂದೇ ಕಾಣಿಸಬಹುದು. ಸಂಜೆ ನಾಲ್ಕೂವರೆಗೆ ಹುಡುಗಿಯರು ಕಾಯುತ್ತಿದ್ದ ಸುತ್ತುವಳಿ ಮಾತ್ರ ಇರುವುದಿಲ್ಲ. ಆದ್ದರಿಂದ ‘ಎಷ್ಟು ಅನುಸೂಚಿ’ ಎಂದು ಕೇಳಿದವರಿಗೆ ಸಿಗುವ ಸಂಖ್ಯೆ ಯಾವಾಗಲೂ ನೆಮ್ಮದಿಯದ್ದು. ಸುತ್ತುವಳಿಯ ಮಟ್ಟಕ್ಕೆ ಇಳಿದು ಕೇಳಿದರೆ ಆ ನೆಮ್ಮದಿ ಕರಗುತ್ತದೆ. ಮುಖ್ಯವಾದ ಮಾತೆಂದರೆ, ಈ ಲೆಕ್ಕವನ್ನು ಡಿಪೋ ತನ್ನ ಸ್ವಂತ ಕೆಲಸಕ್ಕೆ ದಿನವೂ ಇಟ್ಟೇ ಇರುತ್ತದೆ. ‘ಮಾಹಿತಿ ಲಭ್ಯವಿಲ್ಲ’ ಎನ್ನುವಂತಿಲ್ಲ.

ವಹಿಗಳನ್ನು ಬಿಡಿಸಿ ಕುಳಿತೆವು. ಕಾರಣಗಳ ಕಲಂನಲ್ಲಿ ನಿರೀಕ್ಷಿಸಿದ್ದೆಲ್ಲ ಇತ್ತು: ವಾಹನ ಕೆಟ್ಟದ್ದು, ಚಾಲಕರ ಗೈರುಹಾಜರಿ, ಬಿಡಿಭಾಗ ಬಾರದಿರುವುದು. ಇವುಗಳ ಜೊತೆ ಕಣ್ಣಿಗೆ ರಾಚುವಂತೆ ಇದ್ದದ್ದು ಸಾಂದರ್ಭಿಕ ಒಪ್ಪಂದ. ಮದುವೆಗೆ, ಜಾತ್ರೆಗೆ, ಸಮಾವೇಶಗಳಿಗೆ ಬಸ್ಸನ್ನು ಬಾಡಿಗೆಗೆ ಕೊಡುವುದು. ನಿಗಮಕ್ಕೆ ಇದು ಖಚಿತ ಆದಾಯ, ಅದನ್ನು ನಾನು ಹಳಿಯುವುದಿಲ್ಲ. ಆದರೆ ದೊಡ್ಡ ಸಮಾವೇಶ ಬಂದಾಗ ಮೊದಲು ಕೈಬಿಡುತ್ತಿದ್ದುದು ಯಾವ ಸುತ್ತುವಳಿಯನ್ನು? ಹೆದ್ದಾರಿಯದ್ದನ್ನಲ್ಲ, ಒಳಊರಿನದ್ದನ್ನು. ಆ ಸಮಾವೇಶಗಳಲ್ಲಿ ಸರ್ಕಾರದ ಕಾರ್ಯಕ್ರಮಗಳೂ ಇದ್ದವು, ಎಲ್ಲ ಪಕ್ಷಗಳವೂ ಇದ್ದವು. ಪ್ರಶ್ನೆ ಕೇಳಿದ ಶಾಸಕರು ಅವುಗಳಲ್ಲಿ ಕೆಲವಕ್ಕೆ ಹೋಗಿ ಕುಳಿತಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಕಾರಣದ ಕಲಂ ಅನ್ನು ‘ಇತರೆ’ ಎಂದು ಒಗ್ಗೂಡಿಸಿಬಿಡೋಣ ಎಂಬ ಸಲಹೆ ಬಂತು. ನಮ್ಮ ವಿಭಾಗದ ಮುಖ್ಯಸ್ಥರಾದ ನಿಯಂತ್ರಣಾಧಿಕಾರಿಗಳು ಒಪ್ಪಲಿಲ್ಲ. ಸದನಕ್ಕೆ ಹೋಗುವ ಕಾಗದ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದರು. ಅವರ ಬಗ್ಗೆ ನನಗೆ ಅನೇಕ ದೂರುಗಳಿದ್ದವು, ಆ ದಿನದ ಮಟ್ಟಿಗೆ ಒಂದೂ ಇಲ್ಲ.

ಆ ಉತ್ತರದಿಂದ ಹೊಸ ಬಸ್ಸು ಬರಲಿಲ್ಲ. ಬದಲಾದದ್ದು ಇನ್ನೊಂದು: ಬಸ್ಸು ಎಲ್ಲಿಗಾದರೂ ಕೊಡಬೇಕಾದಾಗ ಶಾಲೆಯ ಹೊತ್ತಿನ ಸುತ್ತುವಳಿಯನ್ನು ಮುಟ್ಟುವ ಮುನ್ನ ಘಟಕ ವ್ಯವಸ್ಥಾಪಕರು ಎರಡು ಸಲ ಯೋಚಿಸತೊಡಗಿದರು. ಮುಂದಿನ ಅಧಿವೇಶನದಲ್ಲಿ ಅದೇ ಕೋಷ್ಟಕವನ್ನು ಮತ್ತೆ ಕೇಳಬಹುದು ಎಂಬುದು ಅವರಿಗೆ ಗೊತ್ತಾಗಿತ್ತು.

ಹೊಸ ಬಸ್ಸನ್ನು ಏಕೆ ಅಷ್ಟು ಸುಲಭವಾಗಿ ಕೊಡುವುದಿಲ್ಲ ಎಂದು ಜನ ಕೇಳುತ್ತಾರೆ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯೊಳಗೆ ಎಲ್ಲ ಊರಿಗೂ ಬಸ್ಸು ಬೇಕು, ಹನ್ನೊಂದಕ್ಕೆ ಯಾರಿಗೂ ಬೇಡ. ಆ ಒಂದೂವರೆ ಗಂಟೆಗಾಗಿ ಕೊಂಡ ಬಸ್ಸು ಉಳಿದ ಹೊತ್ತು ನಿಂತಿರುತ್ತದೆ. ಸಿಬ್ಬಂದಿಗೆ ಕಾನೂನಿನ ಪ್ರಕಾರ ದಿನಕ್ಕೆ 8 ಗಂಟೆಯ ಕೆಲಸದ ಮಿತಿ ಇದೆ. ಬೆಳಿಗ್ಗೆಯೂ ಸಂಜೆಯೂ ಅದೇ ಚಾಲಕನನ್ನು ದುಡಿಸಬೇಕೆಂದರೆ ಲೆಕ್ಕ ಕೂಡಿಬರುವುದು ಕಷ್ಟ. ಇದರ ಮೇಲೆ, 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲ ಎಂಬ ಕೇಂದ್ರದ ನಿಯಮ ಬಂತು, ನಿಗಮಗಳ ಹಳೆಯ ಬಸ್ಸುಗಳಿಗೂ ಅದು ಅನ್ವಯಿಸಿತು. ಹೀಗಾಗಿ ‘ಎಷ್ಟು ಹೊಸ ಬಸ್ಸು ಬಂದವು’ ಎಂದು ಮಾತ್ರ ಕೇಳುವುದು ಅರ್ಧ ಪ್ರಶ್ನೆ. ಎಷ್ಟನ್ನು ನಿಷ್ಕ್ರಿಯಗೊಳಿಸಲಾಯಿತು ಎಂಬುದನ್ನೂ ಅದೇ ಸಾಲಿನಲ್ಲಿ ಕೇಳಬೇಕು.

ಇನ್ನೊಂದು ವಿಚಾರ ಬಹಳ ಶಾಸಕರಿಗೂ ಹೊಳೆಯುವುದಿಲ್ಲ. ‘ಸದರಿ ಮಾರ್ಗದಲ್ಲಿ ಆದಾಯ ಕಡಿಮೆ ಇರುವುದರಿಂದ’ ಎಂಬ ಉತ್ತರ ಬಂದರೆ ಆ ಆದಾಯ ಲೆಕ್ಕ ಹಾಕಿದ್ದು ಹೇಗೆ ಎಂದು ಕೇಳಬೇಕು. ಪಾಸ್ ಇರುವ ವಿದ್ಯಾರ್ಥಿ ಆ ದಿನ ಟಿಕೆಟ್ ಕೊಳ್ಳುವುದಿಲ್ಲ. ಬಾಗಿಲಲ್ಲಿ ಜೋತಾಡುವಷ್ಟು ಹುಡುಗರು ತುಂಬಿದ ಬಸ್ಸು ಟಿಕೆಟ್ ಹಣದ ಲೆಕ್ಕದಲ್ಲಿ ಬಡಕಲಾಗಿ ಕಾಣುತ್ತದೆ. ರಿಯಾಯಿತಿಯ ಹೊರೆಯಲ್ಲಿ ಸರ್ಕಾರ ತುಂಬಿಕೊಡುವ ಪಾಲು ಬೇರೆ ದಾರಿಯಿಂದ ಬರುತ್ತದೆ, ಆ ಊರಿನ ಸುತ್ತುವಳಿಯ ಖಾತೆಗೆ ಬಂದು ಕೂರುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಮಹಿಳೆಯರ ವಿಷಯದಲ್ಲಿ ಮಾತ್ರ ಚಿತ್ರ ಸ್ಪಷ್ಟವಾಯಿತು. ಹಣ ಕೊಡದಿದ್ದರೂ ಪ್ರತಿಯೊಬ್ಬರಿಗೂ ಶೂನ್ಯ ಮೊತ್ತದ ಟಿಕೆಟ್ ಹರಿಯುವುದರಿಂದ ಎಲ್ಲಿ ಹತ್ತಿದರು, ಎಲ್ಲಿಗೆ ಹೋದರು ಎಂಬುದು ಯಂತ್ರದಲ್ಲಿ ದಾಖಲಾಗುತ್ತದೆ. ಯೋಜನೆಯ ಪರ ವಿರೋಧ ಏನೇ ಇರಲಿ, ಯಾವ ಹಳ್ಳಿಯಿಂದ ಯಾವ ಹೊತ್ತಿಗೆ ಎಷ್ಟು ಹೆಂಗಸರು ಪ್ರಯಾಣ ಮಾಡುತ್ತಾರೆ ಎಂದು ಕೇಳಿದರೆ ಈಗ ನಿಗಮ ಹೇಳಬಲ್ಲದು. ಯಾರೂ ಕೇಳುವುದಿಲ್ಲ; ಒಟ್ಟು ಎಷ್ಟು ಕೋಟಿ ಎಂದಷ್ಟೇ ಕೇಳುತ್ತಾರೆ.

ಯಾರನ್ನು ಕೇಳಬೇಕು ಎಂಬುದೂ ಅಷ್ಟೇ ಮುಖ್ಯ. ಒಂದು ಊರಿಗೆ ಬಸ್ಸು ಬಿಡಿ ಎಂದು ಕೋರಿಕೆ ಬಂದರೆ ನಮ್ಮವರು ಮಾರ್ಗ ಸಮೀಕ್ಷೆಗೆ ಹೋಗುತ್ತಾರೆ. ರಸ್ತೆ ಕಿರಿದು, ಸೇತುವೆ ದುರ್ಬಲ, ಬಸ್ಸು ತಿರುಗಿಸಲು ಜಾಗವಿಲ್ಲ ಎಂದು ವರದಿ ಬರುತ್ತದೆ. ‘ರಸ್ತೆ ಸಂಚಾರಕ್ಕೆ ಯೋಗ್ಯವಾಗಿಲ್ಲ’ ಎಂದು ಸಾರಿಗೆ ಸಚಿವರ ಉತ್ತರ ಮುಗಿಯುತ್ತದೆ. ರಸ್ತೆ ಅವರದ್ದಲ್ಲವಲ್ಲ! ಜಿಲ್ಲಾ ಮುಖ್ಯರಸ್ತೆಯಾದರೆ ಲೋಕೋಪಯೋಗಿ, ಹಳ್ಳಿ ರಸ್ತೆಯಾದರೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್. ಅನುಭವಿ ಶಾಸಕರು ಒಂದೇ ಊರಿನ ಬಗ್ಗೆ ಎರಡು ಇಲಾಖೆಗೂ ಬೇರೆ ಬೇರೆ ಪ್ರಶ್ನೆ ಹಾಕುತ್ತಿದ್ದರು, ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಅಧಿಕಾರಿಗಳ ಸಭೆಗೆ ಬರುತ್ತಿದ್ದರು. ಕರಾವಳಿಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಿರುವ ಕಡೆ ನಿಗಮವನ್ನು ಕೇಳಿ ಫಲವಿಲ್ಲ. ಪರವಾನಗಿ, ವೇಳಾಪಟ್ಟಿ ಎಲ್ಲ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿರುತ್ತವೆ. ರೈಲು ಕೇಂದ್ರದ್ದು, ಅದರ ಪ್ರಶ್ನೆ ಸಂಸತ್ತಿಗೆ ಹೋಗಬೇಕು.

ರಾತ್ರಿ ತಂಗುವ ಬಸ್ಸಿನದ್ದು ಇದೇ ಕಥೆ. ಹಳ್ಳಿಯಲ್ಲಿ ರಾತ್ರಿ ಬಸ್ಸು ನಿಂತರೆ ತಾನೇ ಮುಂಜಾನೆ ಆರಕ್ಕೆ ಅಲ್ಲಿಂದ ಹೊರಡುವುದು. ತಾಲ್ಲೂಕು ಆಸ್ಪತ್ರೆಗೆ ಹೋಗುವ ಮುದುಕರಿಗೆ ಅದೇ ಆಧಾರ. ಅದು ನಿಂತುಹೋದುದರ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇದ್ದವು. ಆದರೆ ಚಾಲಕ ನಿರ್ವಾಹಕರು ಮಲಗುವುದೆಲ್ಲಿ? ಸೊಳ್ಳೆ ಕಚ್ಚಿಸಿಕೊಂಡು ಬಸ್ಸಿನ ಸೀಟಿನ ಮೇಲೆ. ಶೌಚಕ್ಕೆ ಬಯಲು. ಒಬ್ಬ ಶಾಸಕರು ಮಾತ್ರ ತಂಗುವ ಸ್ಥಳಗಳಲ್ಲಿ ಸಿಬ್ಬಂದಿಗೆ ಕೊಠಡಿ, ಶೌಚಾಲಯ ಎಲ್ಲೆಲ್ಲಿ ಇದೆ ಎಂದು ಪಟ್ಟಿ ಕೇಳಿದರು. ಪಟ್ಟಿ ಸಿದ್ಧವಾದ ಮೇಲೆ ಕೆಲವು ಪಂಚಾಯಿತಿಗಳೊಡನೆ ಮಾತಾಡಿ ಹಳೆಯ ಕಟ್ಟಡಗಳಲ್ಲಿ ಕೊಠಡಿ ಬಿಡಿಸಿಕೊಟ್ಟರು. ಆ ಊರುಗಳ ಬಸ್ಸು ಮತ್ತೆ ರಾತ್ರಿ ನಿಲ್ಲತೊಡಗಿತು.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಯಿಂದಲೇ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬಂದರೆ ಮುಗಿಯಿತು. ಕಚೇರಿಗೆ ಹೆದರಿಕೆ ಮೊದಲನೆಯದರ ಬಗ್ಗೆ. ಶಾಸಕರು ಏನೇನು ಕೇಳಬಹುದು ಎಂದು ಊಹಿಸಿ ಸಚಿವರಿಗೆ ಟಿಪ್ಪಣಿ ತಯಾರಿಸುವುದೇ ಒಂದು ದೊಡ್ಡ ಕೆಲಸ. ಆದರೂ ಕೋಷ್ಟಕ ಬೇಕಾದ ಪ್ರಶ್ನೆಯನ್ನು ಗುರುತಿಲ್ಲದ್ದಾಗಿ ಹಾಕುವುದೇ ಜಾಣತನ ಎಂದು ನನ್ನ ಅಭಿಪ್ರಾಯ. ಮೊದಲು ಅಂಕಿ ಕೈಗೆ ಬರಲಿ, ಗದ್ದಲ ಆಮೇಲೆ. ‘ನಿಗಮ ಸ್ವಾಯತ್ತ ಸಂಸ್ಥೆ’ ಎಂಬ ಗುರಾಣಿ ಹಿಡಿಯಲು ಯಾರಾದರೂ ನೋಡಿದರೆ, 1950ರ ರಸ್ತೆ ಸಾರಿಗೆ ನಿಗಮಗಳ ಅಧಿನಿಯಮದ 34ನೇ ಪ್ರಕರಣ ನೆನಪಿಸಬೇಕು. ನಿಗಮಕ್ಕೆ ನಿರ್ದೇಶನ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಅದರಲ್ಲಿದೆ.

ನಮ್ಮ ಮೇಲಧಿಕಾರಿಗಳು ಕರಡಿನಲ್ಲಿ ಮೊದಲು ಹುಡುಕುತ್ತಿದ್ದುದು ‘ಒದಗಿಸಲಾಗುವುದು’, ‘ಪ್ರಾರಂಭಿಸಲಾಗುವುದು’ ಎಂಬಂಥ ಮಾತುಗಳನ್ನು. ಸದನದಲ್ಲಿ ಸಚಿವರು ಕೊಟ್ಟ ಮಾತು ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿಗೆ ಸೇರಿದರೆ ಅದು ಈಡೇರಿತೇ ಎಂದು ಕೇಳುವ ಪತ್ರ ಬಂದೇ ಬರುತ್ತದೆ. ಆ ಪತ್ರ ಬರುವಷ್ಟರಲ್ಲಿ ಕರಡು ಬರೆದವನು ಬೇರೆ ವಿಭಾಗಕ್ಕೆ ವರ್ಗವಾಗಿರುತ್ತಾನೆ, ಶಾಸಕರೂ ಬದಲಾಗಿರಬಹುದು. ಹೊಸಬ ಕಡತ ಬಿಚ್ಚಿ, ಈ ಸಂಖ್ಯೆ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳುತ್ತಾನೆ. ಹಾಗಾಗಿ ಪ್ರತಿ ಉತ್ತರದ ಕಚೇರಿ ಪ್ರತಿಯ ಹಿಂಬದಿಯಲ್ಲಿ ಯಾವ ಅಂಕಿ ಯಾವ ಘಟಕದ ಯಾವ ವಹಿಯ ಯಾವ ಪುಟದ್ದು, ದೂರವಾಣಿಯಲ್ಲಿ ಹೇಳಿದ್ದಾದರೆ ಯಾವ ಹುದ್ದೆಯವರು ಹೇಳಿದ್ದು ಎಂದು ಪೆನ್ಸಿಲಿನಲ್ಲಿ ಬರೆದಿಡುವುದನ್ನು ನನ್ನ ಕೈಕೆಳಗೆ ಬಂದ ಪ್ರತಿಯೊಬ್ಬರಿಗೂ ಕಲಿಸಿದೆ. ಪೆನ್ಸಿಲ್ ಏಕೆ, ಪೆನ್ನಿನಲ್ಲಿ ಬರೆಯಬಾರದೇ ಎಂದು ಒಬ್ಬ ಹುಡುಗ ಕೇಳಿದ. ಪೆನ್ನಿನಲ್ಲಿ ಬರೆದರೆ ಅದು ಟಿಪ್ಪಣಿಯಾಗುತ್ತದೆ, ಅದಕ್ಕೂ ಮೇಲಿನವರ ಸಹಿ ಬೇಕಾಗುತ್ತದೆ ಎಂದೆ.