ಆಪರೇಷನ್ ಆದ ಮಗುವಿನ ನೋವಿಗೆ 'ಎಸ್‌ಒಎಸ್' ಸಾಲದು

ಇಂಗ್ಲೆಂಡಿನ ಮಕ್ಕಳ ಸರ್ಜರಿ ವಾರ್ಡುಗಳಲ್ಲಿ ಡ್ಯೂಟಿ ಮಾಡುವ ಕೊಡಗಿನ ನರ್ಸುಗಳು ನಾವು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರಗಳಲ್ಲಿ ಇದೇ ಕೆಲಸ ಮಾಡುತ್ತಿರುವವರಿಗೂ ಮಗುವನ್ನು ಆಪರೇಷನ್‌ಗೆ ಕರೆದೊಯ್ಯುವ ಮನೆಯವರಿಗೂ ಇದನ್ನು ಬರೆಯುತ್ತಿದ್ದೇವೆ. ಇಲ್ಲಿ ಮಕ್ಕಳ ನೋವಿಗೆ ಹೆಚ್ಚಾಗಿ ಬಳಸುವುದು ಪ್ಯಾರಸಿಟಮಾಲ್, ಐಬುಪ್ರೊಫೆನ್. ಎರಡೂ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ವ್ಯತ್ಯಾಸವಿರುವುದು ಕೊಡುವ ರೀತಿಯಲ್ಲಿ. ಇಲ್ಲಿ ಗಡಿಯಾರ ನೋಡಿ ಔಷಧಿ ಕೊಡುತ್ತಾರೆ, ಕೊಟ್ಟ ಮೇಲೆ ಮತ್ತೆ ಬಂದು ನೋವು ಎಷ್ಟಿದೆಯೆಂದು ನೋಡಿ ಬರೆಯುತ್ತಾರೆ.

ನಮ್ಮ ಕಡೆ ನೋವಿನ ಔಷಧಿಯ ಮುಂದೆ 'ಎಸ್‌ಒಎಸ್' ಎಂದು ಬರೆದು ಬಿಡುವ ರೂಢಿ ಇನ್ನೂ ಇದೆ. ಅಂದರೆ ಬೇಕಾದಾಗ ಮಾತ್ರ; ಯಾರಾದರೂ ಕೇಳಬೇಕು. ಎರಡು ವರ್ಷದ ಮಗುವಿಗೆ ಕೇಳಲು ಬಾರದು. ಎಂಟು ವರ್ಷದ್ದು, ನೋವೆಂದರೆ ಸೂಜಿ ಚುಚ್ಚುತ್ತಾರೆ ಎಂದು ಹೆದರಿ ಬಾಯಿ ಬಿಡುವುದಿಲ್ಲ. ಮಕ್ಕಳ ಸೊಂಟಕ್ಕೆ ನೋವಿನ ಇಂಜೆಕ್ಷನ್ ಕೊಡುವುದನ್ನು ಇಲ್ಲಿ ಬಿಟ್ಟಿರುವುದು ಇದೇ ಕಾರಣಕ್ಕೆ. ಬಾಯಿಗೆ ಸಿರಪ್, ಇಲ್ಲವೇ ಆಗಲೇ ಹಾಕಿರುವ ಡ್ರಿಪ್ ಲೈನಿನಲ್ಲಿ ಔಷಧಿ. ತೋಟದ ಲೈನ್‌ಮನೆಯಿಂದ ಬಂದ ತಾಯಿಗೋ ಸಿಸ್ಟರನ್ನು ಕರೆಯಲು ಸಂಕೋಚ.

ಮೂರು ವರ್ಷದ, 12 ಕಿಲೋ ತೂಕದ ಮಗುವಿನ ಹರ್ನಿಯಾ ಆಪರೇಷನ್ ತೆಗೆದುಕೊಳ್ಳಿ. ಬೆಳಿಗ್ಗೆ 10ಕ್ಕೆ ಅರಿವಳಿಕೆ ವೈದ್ಯರು ಬೆನ್ನಿನ ಕೆಳಗೆ ಕಾಡಲ್ ಬ್ಲಾಕ್ (ಸೊಂಟದ ಕೆಳಭಾಗ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟಿದ್ದಾರೆ: ಮರಗಟ್ಟಿಸುವ ಔಷಧಿ ಶೇ 0.25ರ ಬುಪಿವಕೇನ್, ಕಿಲೋಗೆ 1 ಮಿಲಿ ಮೀರದಂತೆ. ಅದು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಕೆಲಸ ಮಾಡುತ್ತದೆ. ಮಧ್ಯಾಹ್ನ ಮಗು ಬಿಸ್ಕತ್ತು ತಿಂದು ಆರಾಮವಾಗಿದೆ, ಚಾರ್ಟಿನಲ್ಲಿ ನೋವು ಸೊನ್ನೆ. ಮೂರು ಗಂಟೆಯ ಹೊತ್ತಿಗೆ ಬ್ಲಾಕ್ ಇಳಿದು ಮಗು ಚೀರತೊಡಗುತ್ತದೆ. ಆಗ ಕೊಟ್ಟ ಸಿರಪ್ ಕೆಲಸ ಶುರುಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟೂ ಹೊತ್ತು ಮಗು ಅನುಭವಿಸುವ ನೋವು ತಪ್ಪಿಸಬಹುದಾಗಿದ್ದ ನೋವು.

ಹಾಗಾಗಿ ಮೊದಲು ಅರಿವಳಿಕೆ ಚಾರ್ಟ್ ಓದಬೇಕು. ಥಿಯೇಟರಿನಲ್ಲೇ 10ಕ್ಕೆ ಪ್ಯಾರಸಿಟಮಾಲ್ ಕೊಟ್ಟಿದ್ದರೆ ಮುಂದಿನದು ಸಂಜೆ 4ಕ್ಕೆ. ಇದನ್ನು ಓದದೆ ವಾರ್ಡಿನಲ್ಲಿ ಬೇಗನೆ ಎರಡನೇ ಡೋಸ್ ಕೊಟ್ಟುಬಿಡುವುದು ಎಲ್ಲ ದೇಶಗಳಲ್ಲೂ ನಡೆಯುವ ತಪ್ಪು. ನಡುವೆ, ಬ್ಲಾಕ್ ಇಳಿಯುವ ಮುಂಚೆ, ಮಧ್ಯಾಹ್ನ 1ಕ್ಕೆ ಐಬುಪ್ರೊಫೆನ್. ಪ್ಯಾರಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕೇ ಸಲ. ಐಬುಪ್ರೊಫೆನ್ ಕಿಲೋಗೆ 10 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ. ಮೂರು ತಿಂಗಳೊಳಗಿನ ಕೂಸಿಗೆ, ಮೂತ್ರಪಿಂಡದ ತೊಂದರೆ ಇದ್ದರೆ, ವಾಂತಿಯಾಗಿ ನೀರಿನಂಶ ಕಡಿಮೆಯಾಗಿದ್ದರೆ, ಡೆಂಗಿ ಶಂಕೆ ಇದ್ದರೆ ಐಬುಪ್ರೊಫೆನ್ ಬೇಡ. ಮಳೆಗಾಲದಲ್ಲಿ ಆಪರೇಷನ್ ಆದ ಮಗುವಿಗೆ ಜ್ವರ ಬಂದರೆ ಈ ಕೊನೆಯದನ್ನು ಮರೆಯುವಂತಿಲ್ಲ.

ಲೆಕ್ಕ ತಪ್ಪುವುದು ಬಾಟಲಿಯಲ್ಲಿ. ಈ ಮಗುವಿಗೆ ಬೇಕಾದ 180 ಮಿಲಿಗ್ರಾಂ ಪ್ಯಾರಸಿಟಮಾಲ್ ಎಂದರೆ, 5 ಮಿಲಿಯಲ್ಲಿ 120 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ 7.5 ಮಿಲಿ, 250 ಇರುವುದರಲ್ಲಿ 3.6 ಮಿಲಿ, ಪ್ರತಿ ಮಿಲಿಗೆ 100 ಇರುವ ಡ್ರಾಪ್ಸಿನಲ್ಲಿ 1.8 ಮಿಲಿ. 'ಒಂದೂವರೆ ಚಮಚ' ಎಂದು ಬಾಯಲ್ಲಿ ಹೇಳಿ ಕಳಿಸಿದರೆ, ಮನೆಯಲ್ಲಿರುವ ಬಾಟಲಿ ಯಾವುದೋ ಅದರ ಮೇಲೆ ಡೋಸ್ ಎರಡು ಪಟ್ಟೂ ಆಗಬಹುದು, ನಾಲ್ಕು ಪಟ್ಟೂ ಆಗಬಹುದು. ಚಾರ್ಟಿನಲ್ಲಿ ತೂಕ, ಮಿಲಿಗ್ರಾಂ, ಬಾಟಲಿಯ ಪ್ರಮಾಣ, ಮಿಲಿ ನಾಲ್ಕನ್ನೂ ಬರೆಯಿರಿ. ಅಳೆಯಲು ಚಮಚದ ಬದಲು ಓರಲ್ ಸಿರಿಂಜ್ ಬಳಸಿ. ಎರಡೂ ಔಷಧಿ ಬೆರೆತ ಸಿರಪ್ ಕೊಟ್ಟು, ಅದರ ಮೇಲೆ ಪ್ಯಾರಸಿಟಮಾಲ್ ಬೇರೆ ಕೊಡುವುದು ಇನ್ನೊಂದು ಅಪಾಯ.

ಇಷ್ಟಕ್ಕೂ ಇಳಿಯದ ನೋವಿಗೆ ಇಲ್ಲಿ ವೈದ್ಯರು ಬಾಯಿಗೆ ಕೊಡುವ ಮಾರ್ಫಿನ್ ಬರೆಯುತ್ತಾರೆ. ಭಾರತದಲ್ಲಿ ಮಾದಕ ವಸ್ತು ನಿಯಂತ್ರಣ ಕಾಯ್ದೆಗೆ 2014ರ ಎನ್‌ಡಿಪಿಎಸ್ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಹಿಂದಿಗಿಂತ ಸುಲಭವಾಗಿದೆ. ಆದರೆ ಅದನ್ನು ಕೊಟ್ಟ ಮಗುವನ್ನು ಬಿಟ್ಟು ಹೋಗುವಂತಿಲ್ಲ. ಸಾಮಾನ್ಯವಾಗಿ ಮೊದಲು ಮಂಪರು ಹೆಚ್ಚುತ್ತದೆ, ಉಸಿರು ನಿಧಾನವಾಗುವುದು ಆಮೇಲೆ. ಎರಡನ್ನೂ ನೋಡುತ್ತಿರಬೇಕು, ಮಾರ್ಫಿನ್ ಪರಿಣಾಮ ಇಳಿಸುವ ನಲೋಕ್ಸೋನ್ ಕೈಗೆಟುಕುವಂತಿರಬೇಕು. ಇನ್ನೆರಡು ನೋವಿನ ಔಷಧಿಗಳಾದ ಕೊಡೀನ್ ಮತ್ತು ಟ್ರಮಡಾಲ್ ಬಗ್ಗೆ ಒಂದು ಮಾತು: 12 ವರ್ಷದೊಳಗಿನವರಿಗೆ ಇವೆರಡೂ ಸಲ್ಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೆಲವು ಮಕ್ಕಳ ಯಕೃತ್ತು ಇವನ್ನು ಬಹಳ ಬೇಗ ಪ್ರಬಲ ರೂಪಕ್ಕೆ ತಿರುಗಿಸುತ್ತದೆ, ಉಸಿರೇ ನಿಲ್ಲಬಹುದು. ಯಾವ ಮಗು ಅಂಥದ್ದು ಎಂದು ಹಾಸಿಗೆಯ ಪಕ್ಕ ನಿಂತು ನೋಡಿ ಹೇಳಲಾಗದು.

ಮಾತು ಬಾರದ ಮಗುವಿನ ನೋವು ಅಳೆಯಲು 1997ರಲ್ಲಿ ಪ್ರಕಟವಾದ ಫ್ಲ್ಯಾಕ್ ಮಾಪನ ಸಾಕು. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ. ಪ್ರತಿಯೊಂದಕ್ಕೂ 0, 1 ಅಥವಾ 2. ಆಗಾಗ ಹುಬ್ಬು ಗಂಟಿಕ್ಕಿದರೆ 1, ಗದ್ದ ನಡುಗುತ್ತಾ ಹಲ್ಲು ಕಚ್ಚುತ್ತಿದ್ದರೆ 2. ಕಾಲು ಮಡಚಿ ಮೇಲೆಳೆದುಕೊಂಡರೆ 2. ಎತ್ತಿಕೊಂಡಾಗ ಸುಮ್ಮನಾದರೆ 1, ಅಮ್ಮನ ತೋಳಲ್ಲೂ ಸಮಾಧಾನವಾಗದಿದ್ದರೆ 2. ಹೊದಿಕೆ ಸರಿಸಿ ಕಾಲು ನೋಡಬೇಕು, ಬಾಗಿಲಲ್ಲಿ ನಿಂತು ಅಂಕ ಕೊಡಬಾರದು. ಒಟ್ಟು 4 ಅಥವಾ ಅದಕ್ಕಿಂತ ಹೆಚ್ಚಾದರೆ ಔಷಧಿ. ಬಾಯಿಗೆ ಕೊಟ್ಟಿದ್ದರೆ ಒಂದು ಗಂಟೆಯಲ್ಲಿ ಮತ್ತೆ ಅಳತೆ. ಬಿಗಿಯಾಗಿ, ಅಲುಗಾಡದೆ ಮಲಗಿರುವ ಮಗುವನ್ನು 'ಪಾಪದ್ದು, ಗಲಾಟೆ ಇಲ್ಲ' ಎಂದು ದಾಟಿ ಹೋಗಬೇಡಿ.

ನಾಲ್ಕೈದು ವರ್ಷ ದಾಟಿದವರಿಗೆ ನೋವು ಹೆಚ್ಚುತ್ತಾ ಹೋಗುವುದನ್ನು ತೋರಿಸುವ ಆರು ಮುಖಗಳ ಚಿತ್ರಪಟ್ಟಿ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ, ತಮಿಳು ಒಂದೇ ವಾರ್ಡಿನಲ್ಲಿ ಕೇಳಿಬರುವ ನಮ್ಮ ಜಿಲ್ಲೆಗೆ ಇದಕ್ಕಿಂತ ಅಗ್ಗದ, ಉಪಯುಕ್ತ ಸಾಧನ ಬೇರಿಲ್ಲ. ಬೆರಳಿಟ್ಟು ತೋರಿಸಿದರಾಯಿತು.

ನೋವಿನ ಅಂಕಕ್ಕೆ ಪ್ರತ್ಯೇಕ ಹಾಳೆ ಮಾಡಿದರೆ ಡ್ಯೂಟಿ ಮುಗಿಯುವಾಗ ಸಾಲಾಗಿ ಸೊನ್ನೆ ತುಂಬಿಬಿಡುತ್ತಾರೆ. ಜ್ವರ, ನಾಡಿ ಬರೆಯುವ ಹಾಳೆಯಲ್ಲೇ ಒಂದು ಸಾಲು ಸೇರಿಸಿ. ವಾರಕ್ಕೆ ಹತ್ತು ಕೇಸ್ ಶೀಟ್ ತೆಗೆದು, ಡೋಸ್ ಕೊಟ್ಟ ಮೇಲೆ ಮತ್ತೆ ಅಂಕ ಬರೆದಿರುವುದು ಎಷ್ಟರಲ್ಲಿ ಎಂದು ಎಣಿಸಿ ಡ್ಯೂಟಿ ರೂಮಿನ ಗೋಡೆಗೆ ಹಾಕಿ. ಯಾರ ಹೆಸರೂ ಬೇಡ. ಔಷಧಿ ಕೊಟ್ಟರೂ ನೋವು ಏರುತ್ತಲೇ ಇದ್ದರೆ ಡೋಸ್ ಹೆಚ್ಚಿಸುವ ಮೊದಲು ಕಾರಣ ಹುಡುಕಬೇಕು: ಪ್ಲಾಸ್ಟರ್ ಬಿಗಿಯಾಗಿ ಬೆರಳು ತಣ್ಣಗಾಗಿದೆಯೇ, ಮೂತ್ರ ಕಟ್ಟಿದೆಯೇ, ಡ್ರಿಪ್ ಹಾಕಿದ ಕೈ ಊದಿದೆಯೇ. ಸರ್ಜನ್‌ಗೆ ಆಗಲೇ ಫೋನ್ ಮಾಡಬೇಕು.

ಮನೆಗೆ ಕಳಿಸುವಾಗ ಟಾನ್ಸಿಲ್ ಮಕ್ಕಳ ಬಗ್ಗೆ ವಿಶೇಷ ಎಚ್ಚರ ಬೇಕು. ಅವರ ನೋವು ಮೊದಲ ದಿನಕ್ಕಿಂತ ಮೂರರಿಂದ ಐದನೇ ದಿನಕ್ಕೆ ಹೆಚ್ಚಾಗುವುದುಂಟು, ಕಿವಿಯೂ ನೋಯುತ್ತದೆ. ಔಷಧಿ ಎರಡೇ ದಿನಕ್ಕೆ ನಿಲ್ಲಿಸಿದರೆ ಮಗು ನುಂಗುವುದನ್ನೇ ಬಿಟ್ಟು ಸೊರಗುತ್ತದೆ. ನಾಪೋಕ್ಲು, ಭಾಗಮಂಡಲದ ಕಡೆಯ ತೋಟದ ಮನೆಗಳಿಂದ ರಾತ್ರಿ ಮೆಡಿಕಲ್ ಶಾಪಿಗೆ ಹೋಗಲಾಗದು; ವಾರಕ್ಕಾಗುವಷ್ಟು ಔಷಧಿ, ಸಿರಿಂಜ್, ಗಂಟೆ ಬರೆದ ಚೀಟಿ ಕೈಗೆ ಕೊಟ್ಟೇ ಕಳಿಸಿ. ಐದರಿಂದ ಹತ್ತನೇ ದಿನದ ನಡುವೆ ಬಾಯಲ್ಲಿ ಕೆಂಪು ರಕ್ತ ಕಂಡರೆ, ಅಥವಾ ಮಗು ನಿದ್ದೆಯಲ್ಲಿ ಪದೇ ಪದೇ ಗುಟುಕರಿಸುತ್ತಿದ್ದರೆ, ಬೆಳಗಾಗಲಿ ಎಂದು ಕಾಯದೆ ಜೀಪು ಮಾಡಿಕೊಂಡು ಆಗಲೇ ಆಸ್ಪತ್ರೆಗೆ ಹೊರಡಬೇಕೆಂದು ಆ ಚೀಟಿಯಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ.