ಅಂಬಾಸಿಡರ್‌ಗೆ ಲೇತ್ ಬುಷ್

ಅಂಬಾಸಿಡರ್ ಕಾರಿನ ಹಿಂದಿನ ಲೀಫ್ ಸ್ಪ್ರಿಂಗಿಗೆ (ಪಟ್ಟಿ ಸ್ಪ್ರಿಂಗು) ಲೇತ್‌ನಲ್ಲಿ ಪಾಲಿಯುರೆಥೇನ್ (ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್) ಬುಷ್ ಮಾಡಿಸುವವರು ಸವೆದ ಬುಷ್‌ನಿಂದ ಅಳತೆ ತಗೋಬೇಡಿ. ಸ್ಪ್ರಿಂಗಿನ ಕಣ್ಣನ್ನು, ಅಂದರೆ ಬುಷ್ ಕೂರುವ ತುದಿಯ ತೂತನ್ನು, ತಂತಿ ಬ್ರಷ್‌ನಲ್ಲಿ ಉಜ್ಜಿ, ವರ್ನಿಯರ್ ಇಟ್ಟು ಎರಡು ದಿಕ್ಕಿನಲ್ಲಿ ಅಳೆಯಿರಿ. ಹಳೇ ಕಣ್ಣು ಪೂರ್ತಿ ಗುಂಡಗಿರುವುದೇ ಅಪರೂಪ. ದಿನದ ಓಡಾಟಕ್ಕೆ 80 ಶೋರ್ ಎ (ರಬ್ಬರಿನಂಥ ವಸ್ತುಗಳ ಗಡಸುತನದ ಅಳತೆ) ಗಡಸುತನ ಸಾಕು. 95 ಹಾಕಿದರೆ ರಸ್ತೆಯ ಗುಂಡಿಯೆಲ್ಲ ಸೀಟಿಗೇ ಬರುತ್ತದೆ. ಬುಷ್ ಕಡೆಯುವ ಪಾಲಿಯುರೆಥೇನ್ ರಾಡನ್ನು ರಾತ್ರಿ ಫ್ರೀಜರಿನಲ್ಲಿಟ್ಟು ಚೂಪು ಟೂಲ್ ಹಿಡಿದರೆ ನೀಟಾಗಿ ಕಟ್ ಆಗುತ್ತೆ.

ಎಲ್ಲಕ್ಕಿಂತ ಮುಖ್ಯ ಬುಷ್ ಒಳಗಿನ, ಬೋಲ್ಟ್ ಹಾಯುವ ಸ್ಟೀಲ್ ಕೊಳವೆ. ಅದು ಬುಷ್‌ಗಿಂತ ಸುಮಾರು 0.3 ಮಿ.ಮೀ. ಉದ್ದ ಇರಲೇಬೇಕು. ಗಿಡ್ಡವಾದರೆ ಶ್ಯಾಕಲ್ ಪ್ಲೇಟು (ಸ್ಪ್ರಿಂಗನ್ನು ಕಾರಿಗೆ ಜೋಡಿಸುವ ಪಟ್ಟಿ) ಬುಷ್ ಅನ್ನೇ ಹಿಂಡುತ್ತದೆ, ಕೊಳವೆ ಬೋಲ್ಟಿನ ಮೇಲೆ ತಿರುಗಿ ತಿರುಗಿ ಸವೆಯುತ್ತದೆ, ಆಮೇಲೆ ಬೋಲ್ಟಿನ ತೂತೂ ಮೊಟ್ಟೆಯಾಕಾರ. ಗ್ರೀಸ್ ಸಿಲಿಕೋನ್‌ದೇ ಹಚ್ಚಿ, ಇಲ್ಲವಾದರೆ ಕಿರುಗುಟ್ಟುವುದು ನಿಲ್ಲಲ್ಲ.

ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಇನ್ನು ಇದರ ಆಯಸ್ಸು ಕಂಪನಿಗಿಂತ ಒಳ್ಳೇ ಟರ್ನರ್ ಕೈಯಲ್ಲೇ ಇದೆ ಅನಿಸುತ್ತೆ.

ರಬ್ಬರೇ ಸಾಕು ಅನ್ನುವವರು ತಪ್ಪೇನಲ್ಲ. ಆದರೆ ಬೋಲ್ಟಿಗೆ ಕೊನೆಯ ಬಿಗಿತ ಕಾರು ನೆಲಕ್ಕಿಳಿದ ಮೇಲೆ ಕೊಡಿ. ಜ್ಯಾಕ್ ಮೇಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಕೂತು ಬೇಗ ಹರಿಯುತ್ತದೆ.